ಆರ್ನೂರರ ಹೆಲಿಕಾಪ್ಟರ್

ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯಲ್ಲಿ ಬೇಯುವ ಎಲೆಯ ವಾಸನೆ ಬಂದರೆ ಈಗಲೂ ಹನಗೋಡಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಇಂಜಿನಿಯರಿಂಗ್ ಓದುತ್ತಿದ್ದ ದೊಡ್ಡಪ್ಪನ ಮಗಳು ಪವಿತ್ರಕ್ಕ ತಾನೇ ಜೋಡಿಸಿದ ರಿಮೋಟ್ ಹೆಲಿಕಾಪ್ಟರನ್ನು ಊರಿಗೆ ತಂದಿದ್ದಳು. ಅದರ ಮೈಮೇಲೆ 600 ಎಂದಿತ್ತು. ತೂಕವಾ ಎಂದು ಕೇಳಿದೆ.

"ಅಲ್ಲ ಕಣೇ, ಒಂದೊಂದು ರೆಕ್ಕೆ ಆರ್ನೂರು ಮಿಲಿಮೀಟರ್ ಉದ್ದ."

ದೊಡ್ಡಪ್ಪನಿಗೆ ಸಿಟ್ಟು. "ಕಲಿಯೋಳಿಗೆ ಇಷ್ಟ್ ದೊಡ್ಡದ್ ಯಾಕವ್ವ? ಕೆಡವುದ್ರೆ ಇವತ್ತೇ ಮಾರ್ಬುಡ್ತೀನಿ. ಚಿಕ್ಕದ್ ತಗಬೇಕಿತ್ತು."

"ಚಿಕ್ಕದು ಗಾಳಿ ಬಂದ್ರೆ ಕರು ಕುಣ್ದಂಗೆ ಕುಣೀತದೆ ಕಣಪ್ಪ. ಇದು ಎತ್ತು ಇದ್ದಂಗೆ, ನಿಂತ್ಕ ಅಂದ್ರೆ ನಿಂತ್ಕತದೆ."

ಅವತ್ತು ಗಾಳಿ ಜೋರಾಗಿತ್ತು ಎಂದೇ ನನ್ನ ನೆನಪು. ಆ ಜೋರನ್ನು ನನ್ನ ಭಯ ಆಮೇಲೆ ಸೇರಿಸಿತೋ ಏನೋ. ನಮ್ಮನ್ನೆಲ್ಲ ಬದುವಿನ ಆಚೆ ನಿಲ್ಲಿಸಿ ಅಕ್ಕ ಅದನ್ನು ಎಬ್ಬಿಸಿದಳು. ಖಾಲಿ ಹೊಲದ ಕೆಂಪು ದೂಳು ಸುತ್ತಲೂ ಹರಡಿತು. ಹೆಲಿಕಾಪ್ಟರ್ ತೆಂಗಿನ ಗರಿಯ ಎತ್ತರಕ್ಕೆ ಏರಿ, ಅಲ್ಲೇ ನಿಂತುಬಿಟ್ಟಿತು. ಗರಿಗಳು ಬಡಿದಾಡುತ್ತಿದ್ದರೂ ಅದು ಮಾತ್ರ ಕದಲಲಿಲ್ಲ. ಅಕ್ಕನ ಹೆಬ್ಬೆರಳುಗಳಷ್ಟೇ ಒಂದಿಷ್ಟು ಆಡುತ್ತಿದ್ದವು. ಕೊನೆಗೆ ಮೆಲ್ಲಗೆ, ಎಲ್ಲಿಂದ ಎದ್ದಿತ್ತೋ ಅಲ್ಲೇ ಇಳಿಸಿದಳು.

ದೊಡ್ಡಪ್ಪ ಹತ್ತಿರ ಹೋಗಿ ಅದನ್ನು ಬಗ್ಗಿ ನೋಡಿದರು. ಹೆಗಲ ಟವೆಲಿನಿಂದ ಮುಖದ ದೂಳು ಒರೆಸಿಕೊಂಡು ಕೇಳಿದರು: "ಇದ್ಕಿಂತ ದೊಡ್ಡದು ಬತ್ತದೇನವ್ವ?"