ಕೆನೆಯಿಲ್ಲದ ಸಾಸ್

"ಪಾಸ್ತಾಗೆ ಕೆನೆ ಬೇಡ, ಬೆಣ್ಣೆ ಬೇಡ. ಪನೀರು, ತೆಳು ಹಾಲು, ಬೆಳ್ಳುಳ್ಳಿ, ಅಷ್ಟೇ," ಎಂದ ಮಗಳು ಮಿಕ್ಸಿಯ ಪಕ್ಕದಿಂದ ಕದಲಲಿಲ್ಲ.

ಅವಳು ಸರಿಯಾಗಿ ಊಟ ಮಾಡಿ ತಿಂಗಳುಗಳಾಗಿದ್ದವು. ಸೋಮವಾರ ತೂಕ ಇನ್ನೂ ಇಳಿದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕುವುದಾಗಿ ಡಾಕ್ಟರು ಹೇಳಿದ್ದರು.

ಅವಳು ತಟ್ಟೆಗಳನ್ನು ಒಯ್ದು ಮೇಜಿಗಿಡುವಷ್ಟರಲ್ಲಿ, ತಾಯಿ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಲೋಟದಿಂದ ಅರ್ಧ ಕೆನೆಯನ್ನು ಸಾಸಿಗೆ ಸುರಿದು ಕಲಕಿದಳು. ಲೋಟ ಮತ್ತೆ ಡಬ್ಬಿಯ ಹಿಂದೆ ಹೋಯಿತು.

ಬಡಿಸಿದಾಗ ಮಗಳು ತಟ್ಟೆಯನ್ನೇ ನೋಡಿದಳು.

"ಯಾಕಮ್ಮ ಇಷ್ಟು ನುಣ್ಣಗಿದೆ?"

"ಪನೀರನ್ನ ಬಿಸಿನೀರಲ್ಲಿ ನೆನೆಸಿ ರುಬ್ಬಿದೆ ಕಣೇ."

"ಬೇರೇನೂ ಹಾಕಿಲ್ಲ ತಾನೆ? ನನ್ನ ತಲೆ ಮುಟ್ಟಿ ಹೇಳು."

ಮಕ್ಕಳ ತಲೆಯ ಮೇಲೆ ಸುಳ್ಳಾಣೆ ಇಡುವವರನ್ನು ತಾಯಿ ಜನ್ಮದಲ್ಲಿ ಕ್ಷಮಿಸಿದವಳಲ್ಲ. ಕೈಯಿಟ್ಟಳು. ಬೆರಳಿಗೆ ಒಂದಿಷ್ಟು ಕೂದಲು ಕಿತ್ತು ಬಂತು.

"ಇಲ್ಲ," ಎಂದಳು.

ಮಗಳು ಒಂದು ಚಮಚ ತಿಂದಳು. ಚಮಚ ಕೆಳಗಿಟ್ಟು ಎದ್ದು ಅಡುಗೆಮನೆಗೆ ಹೋದಳು. ಡಬ್ಬಿ ಸರಿದ ಸದ್ದಾಯಿತು. ತಾಯಿ ಕುರ್ಚಿಯನ್ನು ಬಿಗಿಯಾಗಿ ಹಿಡಿದಳು.

ಮಗಳು ಲೋಟವನ್ನು ತಂದು ತಟ್ಟೆಯ ಪಕ್ಕಕ್ಕಿಟ್ಟಳು.

"ನಾನು ಕಣ್ಣು ಮುಚ್ಕೋತೀನಮ್ಮ. ಮಿಕ್ಕಿದ್ದೂ ಹಾಕ್ಬಿಡು."