ಕ್ಲೋದಿನ್ ಎಂಬ ಊರು

ಆ ಊರಿನ ಮುಂದೆ 'ಇಲ್ಲ' ಎಂದು ಬರೆಯಲು ಇಡಾ ಒಪ್ಪಲೇ ಇಲ್ಲ.

ಮೆಲ್ಬರ್ನ್‌ನ ನಕ್ಷೆ ಸಂಗ್ರಹವೊಂದರಲ್ಲಿ ಅವಳಿಗೂ ಹರ್ಷವರ್ಧನನಿಗೂ ಇದ್ದದ್ದು ಒಂದೇ ಕೆಲಸ. ಹಳೆಯ ನಕ್ಷೆಗಳ ಒಂದೊಂದು ಹೆಸರನ್ನೂ ಕಂಪ್ಯೂಟರಿಗೆ ಏರಿಸಿ, ಊರು ನಿಜವಾದರೆ 'ಇದೆ', ಸುಳ್ಳಾದರೆ 'ಇಲ್ಲ' ಎಂದು ಗುರುತು ಹಾಕಬೇಕು. 'ಇಲ್ಲ' ಎಂದದ್ದು ಆನ್‌ಲೈನ್ ನಕ್ಷೆಯಿಂದ ಅಳಿದುಹೋಗುತ್ತಿತ್ತು.

ಈ ಊರಂತೂ ಶುದ್ಧ ಸುಳ್ಳು. ನಾನೂರು ವರ್ಷಗಳ ಹಿಂದೆ ಫ್ರಾನ್ಸಿನ ಭೂಗೋಳಗಾರನೊಬ್ಬ ಹುಟ್ಟುಹಾಕಿದ್ದು. ಪುಣ್ಯಾತ್ಮ ಹಡಗು ಹತ್ತಿದವನೇ ಅಲ್ಲ. ರಾಜರ ಚರಿತ್ರೆ ಬರೆದುಕೊಂಡು, ನಾವಿಕರ ಬಾಯಿಮಾತು ಕೇಳಿ, ಕೂತಲ್ಲೇ ಲೋಕವನ್ನೆಲ್ಲ ಬಿಡಿಸಿದವನು. ಏಳು ವರ್ಷದ ಮಗಳು ಕ್ಲೋದಿನ್ ಜ್ವರದಲ್ಲಿ ತೀರಿಕೊಂಡ ವರ್ಷ, ತನ್ನ ಕಡೆಯವರು ಯಾರೂ ಕಾಣದ ದಕ್ಷಿಣದ ನೆಲದ ಅಂಚಿನಲ್ಲಿ ಒಂದು ಮನೆ ಬರೆದು ಅವಳ ಹೆಸರಿಟ್ಟ. ಆಮೇಲಿನ ನೂರು ವರ್ಷಗಳಲ್ಲಿ ನಾಲ್ವರು ಒಬ್ಬರಾದ ಮೇಲೊಬ್ಬರು ಅದನ್ನು ನಕಲು ಮಾಡಿದರು. ಪ್ರತಿ ನಕಲಿನಲ್ಲೂ ಒಂದು ಮನೆ ಹೆಚ್ಚಿತು. ಈಗ ಮೇಜಿನ ಮೇಲಿದ್ದದ್ದು ಕೊನೆಯ ನಕಲು, ಐದು ಮನೆಗಳದ್ದು.

ಆ ನಾಲ್ವರ ಜೀವನವನ್ನೂ ಇಡಾ ಹುಡುಕಿ ಓದಿದ್ದಳು. ನಕಲು ಮಾಡಿದ ವರ್ಷವೇ ಒಬ್ಬೊಬ್ಬರೂ ಒಂದೊಂದು ಮಗುವನ್ನು ಕಳೆದುಕೊಂಡಿದ್ದರು.

"ಆಗೆಲ್ಲಾ ಎಲ್ಲರ ಮನೇಲೂ ಮಕ್ಕಳು ಹೋಗ್ತಿದ್ರು ಇಡಾ. ಸುಮ್ನೆ ಕನೆಕ್ಟ್ ಮಾಡ್ಕೋಬೇಡ," ಎಂದ ಹರ್ಷ ಮೆತ್ತಗೆ. ಎಂಟು ತಿಂಗಳ ಹಿಂದೆ ವಿಂಡಮ್ ವೇಲ್‌ನ ಚರ್ಚಿನಲ್ಲಿ ಇಡಾಳ ಮಗಳು ಆಶ್ಲಿನ್‌ಳ ಪುಟ್ಟ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

"ನನ್ನಿಂದ ಆಗುವುದಿಲ್ಲ ಮಾರಾಯ. ಅಲ್ಲಿ ಮಕ್ಕಳು ಉಂಟು."

ಇಲ್ಲದ ಊರೊಂದನ್ನು ಹಿಡಿದುಕೊಂಡು ಅವಳು ಇನ್ನಷ್ಟು ಸೊರಗುವುದು ಬೇಡ, ತಾನೇ ಮುಗಿಸಿಬಿಡೋಣ ಎಂದು ಹರ್ಷ ಅವಳ ಕುರ್ಚಿಯಲ್ಲಿ ಕೂತ. 'ಇಲ್ಲ' ಎಂದು ಟೈಪ್ ಮಾಡಿದ. ಸೇವ್ ಮಾಡುವ ಮೊದಲು ರೂಢಿಯಂತೆ ಲೆನ್ಸ್ ಹಿಡಿದು ಮನೆಗಳನ್ನು ಎಣಿಸಿದ. ಸೋಮವಾರ ಅವನೇ ಕಂಪ್ಯೂಟರಿನಲ್ಲಿ ಐದು ಎಂದು ನಮೂದಿಸಿದ್ದ.

ಆರು ಇದ್ದವು.

ಮತ್ತೆ ಎಣಿಸಿದ. ಪೆನ್ನು ಒಳಗೆ ತರಲು ಬಿಡದ ಕೋಣೆ ಅದು. ಆರನೆಯ ಮನೆಯ ಶಾಯಿಯೂ ಉಳಿದವುಗಳಷ್ಟೇ ಹಳತು, ಕಾಗದದೊಳಕ್ಕೆ ಇಂಗಿ ಕಂದಿಹೋಗಿತ್ತು. ಆದರೆ ಅದೊಂದರ ಕಿಟಕಿಗೆ ಮಾತ್ರ ಹಳದಿ ಬಣ್ಣ ತುಂಬಿತ್ತು.

"ಇಡಾ, ಇಲ್ಲೊಂದು ಕಿಟಕಿ... ಹಳದಿ..." ಅವನು ಲೆನ್ಸನ್ನು ಅವಳತ್ತ ಚಾಚಿದ.

ಇಡಾ ಬಗ್ಗಿ ನೋಡಲೂ ಇಲ್ಲ. ಮನೆಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದಳು.

"ಲೈಟ್ ಆಫ್ ಮಾಡಿದರೆ ಅವಳಿಗೆ ನಿದ್ದೆ ಬರುವುದಿಲ್ಲ," ಎಂದಳು.