ಅಧ್ಯಕ್ಷರು ನೆಟ್ಟ ಮರ

ಹೆರ್ಲಿಂಡಾ ಕೈಗೆಟುಕುವ ಕೊಂಬೆಯಿಂದ ಒಂದು ಎಲೆ ಕಿತ್ತು, ಹೊಸಕಿ ಮೂಗಿಗೆ ಹಿಡಿದಳು. ಅವಳ ಗಂಡ ಎವೋಡಿಯೋ ತಡೆಯಲು ಕೈ ಚಾಚುವಷ್ಟರಲ್ಲಿ ತಡವಾಗಿತ್ತು. ದೇಶದ ಅಧ್ಯಕ್ಷರ ನಿವಾಸದ ತೋಟದಲ್ಲಿ ಮೂವತ್ತೆರಡು ವರ್ಷ ಮಾಲಿಯಾಗಿದ್ದವನು ಅವನು. ಈಗ ಆ ಗೇಟು ಜನರಿಗೆಲ್ಲ ತೆರೆದಿದೆ ಎಂದು ಹೆಂಡತಿಯನ್ನು ಮೊದಲ ಸಲ ಕರೆತಂದಿದ್ದ. ಈ ಬೆಣ್ಣೆಹಣ್ಣಿನ ಮರದ ಹತ್ತಿರ ಮಾತ್ರ ನಿಲ್ಲಬಾರದಿತ್ತು.

"ಸೋಂಪಿನ ವಾಸನೆ! ಬೇರೆ ಬೆಣ್ಣೆಹಣ್ಣಿನ ಎಲೆಗೆ ಇದು ಇರಲ್ಲ. ನನ್ನ ತವರು ಓಹಾಕಾದಲ್ಲಿ ಅಮ್ಮ ಬೀನ್ಸಿಗೆ ಹಾಕ್ತಿದ್ದ ಎಲೇನೇ ಇದು. ಅವಳ ಮರ ಕಡಿದು ಎಷ್ಟು ಕಾಲ ಆಯ್ತು, ಇಲ್ಲಿಗೆ ಹೇಗೆ ಬಂತು?"

ಎವೋಡಿಯೋ ನೆಲ ನೋಡಿದ. "ಅಧ್ಯಕ್ಷರು ನೆಟ್ಟಿದ್ದ ಸಸಿ ವಾರಕ್ಕೇ ಸತ್ತೋಯ್ತು ಕಣೇ. ಕೆಲಸ ಹೋಗುತ್ತೆ ಅಂತ ಹೆದರಿ, ಅದರ ಜಾಗದಲ್ಲಿ ಗುಟ್ಟಾಗಿ..."

"ನಾನು ಅಮ್ಮನ ಮರದ ಬೀಜ ತಂದು ಡಬ್ಬೀಲಿ ಸಾಕಿದ್ನಲ್ಲ, ಆ ಸಸೀನಾ? ಪಕ್ಕದ್ಮನೆ ಆಡು ತಿಂತು ಅಂದ್ಯಲ್ಲೋ! ಆಡು ಸಾಕಿದ್ದ ಆ ಪುಣ್ಯಾತ್ಗಿತ್ತಿ ಸಾಯೋವರೆಗೂ ನಾನು ಅವಳ ಜೊತೆ ಮಾತಾಡ್ಲಿಲ್ಲ!"

"ನಿಂಗೆ ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು. ಆದ್ರೆ ಒಂದು ದಿನಾನೂ ಇದಕ್ಕೆ ನೀರು ತಪ್ಪಿಸಿಲ್ಲ, ಲಿಂಡಾ. ರಜಾ ದಿನಾನೂ ಬರ್ತಿದ್ದೆ."

ಅವಳ ಕೆಂಪಾದ ಮುಖ ನೋಡಿ ಅವನು ಬೈಗುಳಕ್ಕೆ ಸಿದ್ಧನಾಗಿ ನಿಂತ. ಅಷ್ಟರಲ್ಲಿ ನಿವಾಸ ತೋರಿಸುವ ಹುಡುಗಿ ಓಡಿಬಂದಳು. "ಅಜ್ಜೀ, ಎಲೆ ಕೀಳ್ಬಾರ್ದು! ಫಲಕ ಓದಿ, ಇದು ಅಧ್ಯಕ್ಷರು ತಮ್ಮ ಕೈಯಾರೆ ನೆಟ್ಟ ಮರ. ಎಷ್ಟು ಹುಲುಸಾಗಿ ಬೆಳೆದಿದೆ ನೋಡಿ."

ಹೆರ್ಲಿಂಡಾ ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು. ಆಮೇಲೆ ಗಂಡನ ಬಿರುಕುಬಿಟ್ಟ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಹೌದು ಮಗಳೇ," ಎಂದಳು. "ಅಧ್ಯಕ್ಷರ ಕೈಗುಣ ದೊಡ್ಡದು."